ಕಳೆನಾಶಕಕ್ಕೆ ಮಳೆ ಮಿತ್ರನೋ, ಶತ್ರುವೋ?

ಕೆಸುವಿನ ಎಲೆಯ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನಂತೆ ಉರುಳಿ ಜಾರಿಹೋಗುತ್ತದೆ. ಎಲೆ ಒದ್ದೆಯಾಗುವುದೇ ಇಲ್ಲ. ಈಗ ಸೋಪಿನ ಪುಡಿ ಕದಡಿದ ನೀರಿನ ಹನಿಯೊಂದನ್ನು ಬಿಟ್ಟು ನೋಡಿ. ಅದು ಉರುಳದೆ ಚಪ್ಪಟೆಯಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಕಳೆನಾಶಕ ಸಿಂಪಡಿಸುವ ರೈತನ ಲಾಭ ನಷ್ಟ ನಿಂತಿರುವುದು ಇಂಥ ಹನಿಯ ಮೇಲೆಯೇ.

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಳ್ಳುವುದರಿಂದ ಹನಿ ದುಂಡಗಾಗುತ್ತದೆ. ಇದೇ ಮೇಲ್ಮೈ ಎಳೆತ. ಎಲೆಯ ಮೇಲಿನ ಮೇಣದ ಪದರಕ್ಕಂತೂ ನೀರೆಂದರೆ ಆಗದು. ಔಷಧದ ಜೊತೆ ಬೆರೆಸುವ ಹರಡುವ ದ್ರವ್ಯದ ಅಣುವಿಗೆ ಎರಡು ತುದಿಗಳಿವೆ. ಒಂದು ನೀರನ್ನು ಹಿಡಿದರೆ ಇನ್ನೊಂದು ಮೇಣವನ್ನು ಹಿಡಿಯುತ್ತದೆ. ಹನಿ ಹರಡುತ್ತದೆ, ಔಷಧ ಒಳಸೇರಲು ದಾರಿಯಾಗುತ್ತದೆ.

ಗ್ಲೈಫೋಸೇಟನ್ನೇ ತೆಗೆದುಕೊಳ್ಳೋಣ. 1970ರಲ್ಲಿ ಜಾನ್ ಫ್ರಾಂಜ್ ಇದರ ಕಳೆ ಕೊಲ್ಲುವ ಗುಣವನ್ನು ಕಂಡುಹಿಡಿದರು. 1974ರಲ್ಲಿ ಮಾರುಕಟ್ಟೆಗೆ ಬಂತು. ಇದು ಎಲೆಯಿಂದ ಇಳಿದು ಬೇರು ತಲುಪಬೇಕು. ಜೇಕಿನಂಥ ಹಟಮಾರಿ ಕಳೆಯ ಜೀವವಿರುವುದು ನೆಲದೊಳಗಿನ ಗಡ್ಡೆಯಲ್ಲಿ. ಬರೀ ಎಲೆ ಸುಟ್ಟರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಚಿಗುರುತ್ತದೆ. ಔಷಧ ಎಲೆಯೊಳಗೆ ಸೇರಲು ಕೆಲವು ಗಂಟೆ ಬೇಕು. ಸಾಮಾನ್ಯವಾಗಿ ಆರು ಗಂಟೆ ಮಳೆ ಬರಬಾರದೆನ್ನುತ್ತಾರೆ. ಒಳ್ಳೆಯ ಹರಡುವ ದ್ರವ್ಯವಿದ್ದರೆ ಈ ಅವಧಿ ಕಡಿಮೆಯಾಗುತ್ತದೆ. ಪ್ಯಾರಾಕ್ವಾಟ್ ಅರ್ಧ ಗಂಟೆಯೊಳಗೇ ಒಳಸೇರುತ್ತದೆ ನಿಜ, ಆದರೆ ತಗುಲಿದ ಭಾಗವನ್ನಷ್ಟೇ ಸುಡುತ್ತದೆ. ಮನುಷ್ಯರ ಹೊಟ್ಟೆ ಸೇರಿದರೆ ಅದಕ್ಕೆ ಪ್ರತಿವಿಷವಿಲ್ಲ ಎಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

ಹಾಗೆಂದು ಮಳೆ ಯಾವಾಗಲೂ ಶತ್ರುವಲ್ಲ. ರಸ್ತೆಬದಿಯ ಪಾರ್ಥೇನಿಯಂ ಎಲೆಯ ಮೇಲೆ ಧೂಳು ಕೂತಿದ್ದರೆ ಗ್ಲೈಫೋಸೇಟ್ ಆ ಮಣ್ಣಿಗೇ ಅಂಟಿ ನಿಷ್ಪ್ರಯೋಜಕವಾಗುತ್ತದೆ. ಎರಡು ದಿನ ಮೊದಲು ಬಂದ ಮಳೆ ಧೂಳನ್ನು ತೊಳೆದು, ಬಾಡಿದ ಗಿಡಕ್ಕೆ ಜೀವ ಕೊಡುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಗಿಡವೇ ಔಷಧವನ್ನು ಬೇರಿಗೆ ಸಾಗಿಸಬಲ್ಲದು! ಕೆರೆಯ ರಾಡಿ ನೀರು ಬೆರೆಸಬಾರದೆನ್ನುವುದೂ ಮಣ್ಣಿಗೆ ಅಂಟುವ ಈ ಗುಣದಿಂದಲೇ. ಮೆಕ್ಕೆಜೋಳ ಬಿತ್ತಿದ ಕೂಡಲೇ ನೆಲಕ್ಕೆ ಹಾಕುವ ಅಟ್ರಜಿನ್‌ನ ಕಥೆಯೇ ಬೇರೆ. ಮೊಳೆಯುವ ಕಳೆಯ ಬೇರಿಗೆ ಅದು ತಲುಪಲು ಮಣ್ಣಿನಲ್ಲಿ ತೇವ ಬೇಕೇಬೇಕು.

ಬಯಲುಸೀಮೆಯಲ್ಲಿ ಇನ್ನೊಂದು ತೊಡಕಿದೆ. ಕೋಲಾರ, ಚಿತ್ರದುರ್ಗದ ಕಡೆಯ ಅನೇಕ ಕೊಳವೆಬಾವಿಗಳದ್ದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಗ್ಲೈಫೋಸೇಟನ್ನು ಕಟ್ಟಿಹಾಕುತ್ತದೆ. ಔಷಧಕ್ಕೆ ಮೊದಲೇ ಆ ನೀರಿಗೆ ಅಮೋನಿಯಂ ಸಲ್ಫೇಟ್ ಗೊಬ್ಬರ ಕರಗಿಸಿದರೆ ಸಲ್ಫೇಟು ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಔಷಧವನ್ನು ಬಿಡುಗಡೆ ಮಾಡುತ್ತದೆ. ಮನೆಯ ಬಟ್ಟೆ ಸೋಪನ್ನೇ ಹಾಕುವವರೂ ಇದ್ದಾರೆ. ಗಡಸು ನೀರಿನಲ್ಲಿ ಅದು ಮೊಸರಿನಂತೆ ಒಡೆದು ಸಿಂಪರಣೆಯ ಮೂತಿಯನ್ನೇ ಮುಚ್ಚಿಬಿಡುತ್ತದೆ.

ಗ್ಲೈಫೋಸೇಟ್ ಬಗೆಗಿನ ವಿವಾದ ಹಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತು. ಪರಿಣತ ಕೀಟ ನಿಯಂತ್ರಕರು ಮಾತ್ರ ಇದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಆದರೆ ಹರಡುವ ದ್ರವ್ಯದ ಬಗ್ಗೆ ಮಾತನಾಡುವವರು ಕಡಿಮೆ. ಗ್ಲೈಫೋಸೇಟ್ ಜೊತೆ ಬಹುಕಾಲ ಬಳಸಿದ, ಪ್ರಾಣಿಕೊಬ್ಬಿನಿಂದ ತಯಾರಾಗುವ ಅಂಥದೊಂದು ದ್ರವ್ಯ ಮೀನಿಗೆ, ಗೊದಮೊಟ್ಟೆಗೆ ಗ್ಲೈಫೋಸೇಟಿಗಿಂತಲೂ ಹೆಚ್ಚು ವಿಷಕಾರಿ. ಸಿಂಪಡಿಸಿದ ಗಂಟೆಯೊಳಗೆ ಜೋರುಮಳೆ ಬಂದರೆ ರೈತನ ಹಣದ ಜೊತೆ ಇದೂ ಕೊಚ್ಚಿಕೊಂಡು ಹಳ್ಳ, ಕುಂಟೆ ಸೇರುತ್ತದೆ. ಕುಂಟೆಗಳಲ್ಲಿ ಕಪ್ಪೆಗಳು ಮೊಟ್ಟೆಯಿಡುವುದೂ ಮುಂಗಾರಿನ ಇದೇ ದಿನಗಳಲ್ಲಿ.