ಕ್ಯಾಸೆಟ್ಟಿನಿಂದ ಇಳಿಸಿದ ಡಿವಿಡಿ, ಕಂಪ್ಯೂಟರಿನ ತೆರೆಯ ಮೇಲೆ

ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಡಿವಿಡಿ ರೆಕಾರ್ಡರಿನ ಮೂಲಕ ಡಿಸ್ಕಿಗೆ ಇಳಿಸಿಟ್ಟುಕೊಂಡ ಮನೆಗಳು ಬಹಳ. ಜೆವಿಸಿ ಕಂಪನಿ 1976ರಲ್ಲಿ ಜಪಾನಿನಲ್ಲಿ ಹೊರತಂದ ವಿಎಚ್‌ಎಸ್‌ನ ಪ್ಲೇಯರುಗಳ ತಯಾರಿಕೆಯನ್ನು ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ಮೂಲ ಟೇಪನ್ನು ಓಡಿಸುವ ಯಂತ್ರವೇ ಅಪರೂಪವಾಗಿರುವಾಗ ಎಷ್ಟೋ ಕುಟುಂಬಗಳಿಗೆ ಉಳಿದಿರುವುದು ಆ ಡಿಸ್ಕ್ ಒಂದೇ.

ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದರೆ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ವಿಒಬಿ ಕಡತಗಳಲ್ಲಿ ಎಂಪೆಗ್-2 ರೂಪದ ಚಿತ್ರವೂ ಧ್ವನಿಯೂ ಇರುತ್ತವೆ. ಐಎಫ್‌ಒ ಕಡತಗಳಲ್ಲಿ ಮೆನು ಮತ್ತು ಅಧ್ಯಾಯಗಳ ಕ್ರಮ. ಬಿಯುಪಿ ಕಡತಗಳು ಐಎಫ್‌ಒಗಳ ನಕಲು. ಒಂದು ವಿಒಬಿ ಕಡತ 1 ಜಿಬಿ ಮೀರುವಂತಿಲ್ಲ. ಆದ್ದರಿಂದ ಎರಡು ಗಂಟೆಯ ಮದುವೆ ನಾಲ್ಕೈದು ತುಂಡಾಗಿರುತ್ತದೆ. ಒಂದು ತುಂಡನ್ನು ಒತ್ತಿದರೆ ಧಾರೆಯ ನಡುವೆಯೇ ಚಿತ್ರ ನಿಂತುಬಿಡಬಹುದು. ತುಂಡನ್ನಲ್ಲ, ಡಿಸ್ಕನ್ನೇ ತೆರೆಯಬೇಕು. 2012ರ ವಿಂಡೋಸ್ 8ರಿಂದೀಚೆಗೆ ವಿಂಡೋಸ್ ಜೊತೆಗೆ ಡಿವಿಡಿ ಓಡಿಸುವ ಸೌಲಭ್ಯ ಬರುವುದಿಲ್ಲ. ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ಈ ಕೆಲಸಕ್ಕೆ ಸಾಕು.

ಡಿಸ್ಕ್ ಖಾಲಿ ಎಂದು ಕಂಪ್ಯೂಟರ್ ಹೇಳಿದರೆ ಗಾಬರಿಪಟ್ಟು ಎಸೆಯಬಾರದು. ರೆಕಾರ್ಡಿಂಗ್ ಮುಗಿದ ಮೇಲೆ ‘ಫೈನಲೈಜ್’ ಮಾಡಿದಾಗ ಮಾತ್ರ ಬೇರೆ ಯಂತ್ರಗಳು ಓದಬಲ್ಲ ಸೂಚಿ ಡಿಸ್ಕಿನ ಮೇಲೆ ಪೂರ್ಣವಾಗಿ ಬರೆಯಲ್ಪಡುತ್ತದೆ. ಆ ಹಂತ ತಪ್ಪಿದ ಡಿಸ್ಕು ಸಾಮಾನ್ಯವಾಗಿ ಬರೆದ ರೆಕಾರ್ಡರಿನಲ್ಲಷ್ಟೇ ಓಡುತ್ತದೆ. ದೃಶ್ಯ ಅಳಿದಿರುವುದಿಲ್ಲ. ಅದೇ ರೆಕಾರ್ಡರ್ ಸಿಕ್ಕರೆ ಈಗಲೂ ಫೈನಲೈಜ್ ಮಾಡಬಹುದು. ಸಿಗದಿದ್ದರೆ ಐಸೊಬಸ್ಟರ್‌ನಂಥ ತಂತ್ರಾಂಶದಿಂದ ಕಡತಗಳನ್ನು ಹೊರತೆಗೆಯಲು ಸಾಧ್ಯವಿದೆ.

ಚಿತ್ರ ಬಂದ ಮೇಲೆ ಕಾಣುವ ದೋಷಗಳೆಲ್ಲ ಡಿಸ್ಕಿನವಲ್ಲ. ಭಾರತದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಪ್ರತಿ ಫ್ರೇಮಿನಲ್ಲೂ ಸರಿ ಗೆರೆ, ಬೆಸ ಗೆರೆಗಳ ಎರಡು ಅರೆಚಿತ್ರಗಳಿರುತ್ತವೆ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಆರತಿ ಎತ್ತುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ವಿಎಲ್‌ಸಿಯಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿ, ‘ಯಾಡಿಫ್ 2ಎಕ್ಸ್’ ಆರಿಸಿದರೆ ಚಲನೆ ನಯವಾಗುತ್ತದೆ. ಕೆಳಅಂಚಿನಲ್ಲಿ ಅಲುಗುವ ಪಟ್ಟಿ, ವಿಸಿಆರ್ ಟೇಪನ್ನು ಓದುವ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವಾಗ ಮೂಡಿದ್ದು. ಹಳೆಯ ಟಿವಿಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು.

ಬರೆಯುವ ಡಿಸ್ಕುಗಳ ಬಣ್ಣದ ಪದರ ಬಿಸಿಲು, ಸೆಕೆಗೆ ಕೆಡುತ್ತದೆ. ಆದುದರಿಂದ ಒಮ್ಮೆ ಸರಿಯಾಗಿ ಓಡಿದ ಕೂಡಲೇ ಇಡೀ ಡಿಸ್ಕಿನ ಐಎಸ್‌ಒ ನಕಲನ್ನು ಹಾರ್ಡ್ ಡಿಸ್ಕಿಗೆ ತೆಗೆದಿಡುವುದು ಅತಿಮುಖ್ಯ. ಗೀರು ಬಿದ್ದ ಡಿಸ್ಕಾದರೆ ‘ಡಿಡಿರೆಸ್ಕ್ಯೂ’ ತಂತ್ರಾಂಶ ಓದಲಾಗದ ಭಾಗಗಳನ್ನು ಬದಿಗಿಟ್ಟು, ಉಳಿದದ್ದನ್ನು ಮೊದಲು ತೆಗೆದು, ಆಮೇಲೆ ಅವುಗಳತ್ತ ಮರಳುತ್ತದೆ. ಮೊಬೈಲಿಗೆ ಕಳಿಸಲು ಚಿಕ್ಕ ಎಂಪಿ4 ಮಾಡಿಕೊಂಡರೂ ಐಎಸ್‌ಒ ಅಳಿಸಬಾರದು. ಮತ್ತೆ ಕುಗ್ಗಿಸಿದ ಚಿತ್ರ ಕಳೆದುಕೊಂಡ ವಿವರವನ್ನು ಮರಳಿ ಪಡೆಯುವಂತಿಲ್ಲ.