ಕಿಡಿಯ ಕಾಲಜ್ಞಾನ

ಪೆಟ್ರೋಲ್ ಗಾಡಿಯ ಟೈಮಿಂಗ್ ಕೂರಿಸುವ ವಿದ್ಯೆ ಡ್ರೈವರನ ಕೈಯಿಂದ ಮಿಸ್ತ್ರಿಯ ಕಿವಿಗೆ, ಅಲ್ಲಿಂದ ಚಿಪ್‌ಗೆ ಸಾಗಿದ ದಾರಿ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಘಾಟಿಯಿಲ್ಲ, ದೊಡ್ಡ ಏರಿಲ್ಲ. ಬಹುಪಾಲು ಎರೆಮಣ್ಣಿನ ಬಯಲು. ಆದರೂ ಏಪ್ರಿಲ್ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿದಾಗ, ಆಳು ತುಂಬಿದ ಹಳೆಯ ಪೆಟ್ರೋಲ್ ಜೀಪು ಟಾಪ್ ಗೇರಿನಲ್ಲಿ ಎಳೆಯಲು ಹೊರಟರೆ ಬಾನೆಟ್ಟಿನೊಳಗೆ ಬೋಲ್ಟು ಕುಟ್ಟಿದಂಥ ಟಿಣ್‌ಟಿಣ್ ಸದ್ದು ಏಳುತ್ತದೆ. ಅದೇ ನಾಕಿಂಗ್. ಗ್ಯಾರೇಜಿನಲ್ಲಿ ಬರುವ ಮೊದಲ ಪ್ರಶ್ನೆ, ‘ಟೈಮಿಂಗ್ ಯಾರು ಕುಂದ್ರಿಸಿದ್ದು?’

ಸಿಲಿಂಡರಿನಲ್ಲಿ ಪಿಸ್ಟನ್ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಒತ್ತುತ್ತ ಮೇಲೇರುತ್ತದೆ. ಪ್ಲಗ್ ಕಿಡಿ ಕೊಟ್ಟೊಡನೆ ಎಲ್ಲವೂ ಒಮ್ಮೆಗೇ ಉರಿದುಬಿಡುವುದಿಲ್ಲ. ಬೆಂಕಿ ಹರಡಲು ಒಂದೆರಡು ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 600 ಸುತ್ತಿನ ಐಡ್ಲಿಂಗ್‌ನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ ತಿರುಗುವುದು 3.6 ಡಿಗ್ರಿ. 3,000 ಸುತ್ತಿಗೆ ಏರಿದರೆ ಅಷ್ಟೇ ಹೊತ್ತಿನಲ್ಲಿ 18 ಡಿಗ್ರಿ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಬೀಳಬೇಕು. ವೇಗ ಏರಿದಷ್ಟೂ ಇನ್ನಷ್ಟು ಮುಂಚೆ. ಕುರುಗೋಡಿನ ದೊಡ್ಡ ಬಸವೇಶ್ವರನ ತೇರಿಗೆ ಸನ್ನೆ ಹಾಕುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ: ಮಿಣಿ ಬಿಗಿಯುವ ಗಳಿಗೆಗೆ ಹೊಂದದ ಸನ್ನೆಯಲ್ಲಿ ಬಲವೆಷ್ಟಿದ್ದರೂ ವ್ಯರ್ಥ. ಕಿಡಿ ತಡವಾದರೆ ಪಿಕಪ್ ಇಲ್ಲ, ಎಂಜಿನ್ ಕಾಯುತ್ತದೆ. ಬೇಗನಾದರೆ ಏರುತ್ತಿರುವ ಪಿಸ್ಟನ್ನಿಗೇ ಪೆಟ್ಟು, ನಾಕಿಂಗಿಗೂ ದಾರಿ. ಈ ಗಳಿಗೆ ಹೊಂದಿಸುವುದೇ ಟೈಮಿಂಗ್.

ಮ್ಯಾಗ್ನೆಟೋದಿಂದ ಆಡುಗೋಡಿಗೆ

ಮೊದಲಿಗರಿಗೆ ಕಿಡಿಯೇ ತಲೆನೋವು. 1885ರ ಡೈಮ್ಲರ್ ಎಂಜಿನ್ ಕೆಂಪಗೆ ಕಾದ ಕೊಳವೆಯಿಂದ ಉರಿ ಹಿಡಿಯುತ್ತಿತ್ತು. ಅಲ್ಲಿ ಗಳಿಗೆ ನಿಗದಿ ಮಾಡುವ ಮಾತೇ ಇಲ್ಲ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ 1897ರಲ್ಲಿ, ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೋವನ್ನು ಗಾಡಿಗೆ ಅಳವಡಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗಿನ ಜೋಡಿ ಕೊಟ್ಟರು. ಬಾಷ್ ಲಾಂಛನದ ವೃತ್ತದೊಳಗೆ ಇಂದಿಗೂ ಇರುವುದು ಆ ಮ್ಯಾಗ್ನೆಟೋದ ಆರ್ಮೇಚರ್. 1951ರಲ್ಲಿ ಆ ಕಂಪನಿಯ ನಂಟಿನಿಂದ ಹುಟ್ಟಿದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿತು. ‘ಮೈಕೋ ಪ್ಲಗ್’ ಹಳ್ಳಿಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಮಾತಾಯಿತು.

ಕಿಡಿಯನ್ನು ಹಿಂದೆ ಮುಂದೆ ಮಾಡುವ ಹೊಣೆ ಮೊದಲಿಗೆ ಡ್ರೈವರನದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯ ಸ್ಟೀರಿಂಗ್ ಕೆಳಗೆ ಅದಕ್ಕೆಂದೇ ಸನ್ನೆಕೋಲಿತ್ತು. ಅದನ್ನು ಹಿಂದಕ್ಕಿಡದೆ ಹ್ಯಾಂಡಲ್ ಹೊಡೆದವನ ಮುಂಗೈ ಮುರಿಯುವ ಭಯವಿತ್ತು. ಅದೇ ಕಾಲಕ್ಕೆ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್‌ಗಳ ವ್ಯವಸ್ಥೆ ರೂಪಿಸಿದರು. 1910ರ ಹೊತ್ತಿಗೆ ಅದು ಕ್ಯಾಡಿಲಾಕ್ ಕಾರುಗಳಿಗೆ ಬಂತು. ಮುಂದೆ ವೇಗಕ್ಕೆ ತಕ್ಕಂತೆ ಹರಡಿಕೊಳ್ಳುವ ಗುಂಡುಗಳೂ, ವ್ಯಾಕ್ಯೂಮ್ ಡಯಾಫ್ರಾಮೂ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಸೇರಿಕೊಂಡು ಡ್ರೈವರನ ಕೆಲಸ ತಪ್ಪಿಸಿದವು. ಆದರೆ ಎಲ್ಲಿಂದ ಶುರು ಎಂಬುದನ್ನು ಮಾತ್ರ ಗ್ಯಾರೇಜಿನಲ್ಲೇ ಕೂರಿಸಬೇಕು. ಮಿಸ್ತ್ರಿಯ ಪ್ರವೇಶ ಅಲ್ಲಿಂದ.

ಟೆಸ್ಟ್ ಲ್ಯಾಂಪೂ ಸಿಗರೇಟು ಕಾಗದವೂ

ವಿಲ್ಲಿಸ್ ಜೀಪನ್ನು ಮಹೀಂದ್ರ 1947ರಲ್ಲಿ ಭಾರತದಲ್ಲಿ ಜೋಡಿಸತೊಡಗಿತು. ಅದರ ಲೆಕ್ಕ ಹಳಬರಿಗೆ ಬಾಯಿಪಾಠ: ಪಾಯಿಂಟ್ ಗ್ಯಾಪ್ 20 ಥೌ (ಇಂಚಿನ ಸಾವಿರ ಪಾಲಿನಲ್ಲಿ 20), ಫೈರಿಂಗ್ ಆರ್ಡರ್ 1-3-4-2, ಟೈಮಿಂಗ್ ತುದಿಗೆ 5 ಡಿಗ್ರಿ ಮೊದಲು. ಮೊದಲ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳಿಟ್ಟು ಹ್ಯಾಂಡಲ್ ತಿರುಗಿಸಬೇಕು. ಬೆರಳನ್ನು ಗಾಳಿ ತಳ್ಳಿದರೆ ಕಂಪ್ರೆಷನ್ ಬಂತೆಂದು ಅರ್ಥ. ಗುರುತಿಗೆ ಗುರುತು ಕೂಡಿಸಿ, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ವೈರಿಗೂ ಬಾಡಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಚ್ಚಿ, ಇಗ್ನಿಷನ್ ಆನ್ ಮಾಡಿ, ಕ್ಲ್ಯಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದರೆ ಪಾಯಿಂಟ್ ಬಾಯಿ ಬಿಡುವ ಕ್ಷಣಕ್ಕೆ ದೀಪ ಹತ್ತುತ್ತದೆ. ಕಿಡಿ ಹಾರುವುದೂ ಅದೇ ಕ್ಷಣಕ್ಕೆ.

ನಮ್ಮದೇ ನೆಲದ ಗಾಡಿಗೆ ಇನ್ನೂ ಸರಳ ಉಪಾಯವಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಬೈಕ್‌ಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಟೂ-ಸ್ಟ್ರೋಕ್ ಯೆಜ್ಡಿಯ ಲೆಕ್ಕ ಡಿಗ್ರಿಯಲ್ಲಲ್ಲ, ಮಿಲಿಮೀಟರಿನಲ್ಲಿ. ಪಿಸ್ಟನ್ ತುದಿಗೆ ಸುಮಾರು 3 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ಪ್ಲಗ್ ತೂತಿನಲ್ಲಿ ಸ್ಪೋಕ್ ಕಡ್ಡಿ ಇಳಿಬಿಟ್ಟು ಎತ್ತರ ಅಳೆಯುವುದು, ಪಾಯಿಂಟ್‌ಗಳ ನಡುವೆ ಸಿಗರೇಟು ಪ್ಯಾಕಿನ ತೆಳುಕಾಗದ ಸಿಕ್ಕಿಸಿ ಹಗುರಾಗಿ ಎಳೆಯುತ್ತಿರುವುದು. ಕಾಗದ ಜಾರಿ ಬಂದಲ್ಲಿ ಟೈಮಿಂಗ್.

ಪುಸ್ತಕದ ಅಂಕಿ, ಊರಿನ ಬಿಸಿಲು

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಪುಸ್ತಕದ ಅಂಕಿ ಕಾರ್ಖಾನೆ ಎಣಿಸಿದ ಪೆಟ್ರೋಲಿಗೆ, ಅದು ಎಣಿಸಿದ ಹವೆಗೆ. ಬಳ್ಳಾರಿಯ ಕಾದ ಗಾಳಿ, ಮೈಮೇಲೆ ಲೋಡು, ಸೀಮೆಎಣ್ಣೆ ಬೆರೆತ ಪೆಟ್ರೋಲು, ಇವೆಲ್ಲ ನಾಕಿಂಗ್ ಹೆಚ್ಚಿಸುವವೇ. ಹಾಗಾಗಿ ಟ್ರಯಲ್ ನೋಡಲೇಬೇಕು: ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತ ಒಮ್ಮೆಲೇ ಎಕ್ಸಲರೇಟರ್ ಒತ್ತುವುದು. ಒಂದೆರಡು ಸಣ್ಣ ಟಿಕ್ ಕೇಳಿ ಮಾಯವಾದರೆ ಸರಿಯಾಗಿ ಕುಂತಿದೆ. ಸದ್ದು ಬಿಡದಿದ್ದರೆ ಕಿಡಿಯನ್ನು ಕೂದಲಷ್ಟು ಹಿಂದಕ್ಕೆ, ಅಂದರೆ ರಿಟಾರ್ಡ್. ಸದ್ದೇ ಇಲ್ಲದೆ ಗಾಡಿ ಮಂದವಾದರೆ ಅಷ್ಟೇ ಮುಂದಕ್ಕೆ, ಅಡ್ವಾನ್ಸ್.

ಪೆಟ್ರೋಲೂ ಒಂದೇ ಥರ ಉಳಿಯಲಿಲ್ಲ. ನಾಕಿಂಗ್ ತಡೆಯಲು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಸಂಯುಕ್ತ ಬೆರೆಸುವ ದಾರಿ ಕಂಡರು. ಅದರ ವಿಷದಿಂದ ಜಗತ್ತು ಬಿಡಿಸಿಕೊಳ್ಳಲು ದಶಕಗಳೇ ಹಿಡಿದವು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಈಗಿನದು ಶೇ 20ರಷ್ಟು ಎಥೆನಾಲ್ ಬೆರೆತ ಇ20. ಎಥೆನಾಲ್ ಬರುವುದು ಕಬ್ಬು, ನುಚ್ಚಕ್ಕಿ, ಮೆಕ್ಕೆಜೋಳದಿಂದ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದವರಿಗೆ ಪರಿಚಿತ ಸರಕು. ಇ20ರ ಆಕ್ಟೇನ್ ಸುಮಾರು 95, ಹಿಂದಿನ ಸಾದಾ ಪೆಟ್ರೋಲಿನದು 91. ಅಂದರೆ ನಾಕಿಂಗ್ ತಾಳುವ ಶಕ್ತಿ ಹೆಚ್ಚು.

ಹೊಸ ಕಾರಿನಲ್ಲಿ ಈ ಲಾಭವನ್ನು ಎಂಜಿನ್ ತಾನೇ ಹಿಡಿದುಕೊಳ್ಳುತ್ತದೆ. ಬ್ಲಾಕಿಗೆ ಅಂಟಿಕೊಂಡ ನಾಕ್ ಸೆನ್ಸರ್ ಸದ್ದು ಹಿಡಿಯುತ್ತಲೇ ಕಂಪ್ಯೂಟರ್ ಕಿಡಿಯನ್ನು ಹಿಂದಕ್ಕೆ ಸರಿಸಿ, ಸದ್ದಡಗಿದ ಮೇಲೆ ಮತ್ತೆ ಮುಂದಕ್ಕೆ ತರುತ್ತದೆ. ಮಿಸ್ತ್ರಿ ಟ್ರಯಲ್ ರಸ್ತೆಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ವ್ಯತ್ಯಾಸ, ಇದು ಓಡುತ್ತಿರುವಷ್ಟು ಹೊತ್ತೂ ನಡೆಯುತ್ತದೆ. ಹಳೆಯ ಜೀಪು, ಯೆಜ್ಡಿಗಳಿಗೆ ಆ ಸೌಕರ್ಯವಿಲ್ಲ. ಇ20 ಹಾಕಿದ ಅಂಥ ಗಾಡಿಯ ಟೈಮಿಂಗ್ ಮುಟ್ಟುವ ಮೊದಲು ರಬ್ಬರ್ ಪೈಪು ಮೆತ್ತಗಾಗಿದೆಯೇ ಎಂದು ನೋಡಬೇಕು. ಎಥೆನಾಲ್ ಮಿಶ್ರಣವನ್ನು ತೆಳುವಾಗಿಸುವುದರಿಂದ ಕಾರ್ಬ್ಯುರೇಟರನ್ನೂ ಹೊಂದಿಸಬೇಕು. ಆಮೇಲೆ ಪುಸ್ತಕದ ಅಂಕಿಗೆ ಕೂರಿಸಿ ಟ್ರಯಲ್ ಹೊರಡಬೇಕು, ಅದೂ ಬೆಳಗಿನ ತಂಪಿನಲ್ಲಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ, ಲೋಡಿನ ಸಮೇತ.