ಕ್ಯಾನ್ಸರ್ ಕೋಶವನ್ನು ಬೆಳಗಿಸುವ ಚಿನ್ನದ ಕಣ

ಚಿನ್ನದ ಬಣ್ಣ ಹಳದಿಯೆಂಬುದು ಎಲ್ಲರ ಅನುಭವ. ಆದರೆ ಅದರ ಅತಿಸೂಕ್ಷ್ಮ ಕಣಗಳು ನೀರಿನಲ್ಲಿ ಹರಡಿಕೊಂಡಾಗ ಆ ನೀರು ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ. ಕಣಗಳ ಸೂಕ್ಷ್ಮತೆಯೇ ಇದಕ್ಕೆ ಕಾರಣವೆಂದು ಮೈಕೆಲ್ ಫ್ಯಾರಡೆ 1857ರಲ್ಲಿಯೇ ತಿಳಿಸಿದ್ದರು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್. ಸುಮಾರು 40 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣದ ಮೇಲೆ ಬೆಳಕು ಬಿದ್ದಾಗ, ಅದರೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ಕಂಪಿಸಿ ಬೆಳಕನ್ನು ಪ್ರಬಲವಾಗಿ ಚದುರಿಸುತ್ತವೆ.

ಅಮೆರಿಕದಲ್ಲಿ ವಿಜ್ಞಾನಿ ಮುಸ್ತಫಾ ಎಲ್-ಸಯ್ಯದ್ ಮತ್ತು ಅವರ ಪುತ್ರ, ವೈದ್ಯ ಐವಾನ್ ಎಲ್-ಸಯ್ಯದ್ 2005ರಲ್ಲಿ ಈ ಗುಣವನ್ನು ಬಾಯಿಯ ಕ್ಯಾನ್ಸರ್ ಕೋಶಗಳ ಪತ್ತೆಗೆ ಬಳಸಿದರು. ಇಂತಹ ಕೋಶಗಳ ಹೊರಮೈಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನ್ ಅಧಿಕವಾಗಿರುತ್ತದೆ. ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯವನ್ನು ಚಿನ್ನದ ಕಣಗಳಿಗೆ ಜೋಡಿಸಿದಾಗ, ಕಣಗಳು ಕ್ಯಾನ್ಸರ್ ಕೋಶಗಳಿಗೆ ಹೆಚ್ಚಾಗಿ ಅಂಟಿಕೊಂಡವು. ಸೂಕ್ಷ್ಮದರ್ಶಕದ ಕಪ್ಪು ಹಿನ್ನೆಲೆಯಲ್ಲಿ ಆ ಕೋಶಗಳು ಹೊಳೆದು ಕಂಡವು.

ಇದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ದೊರೆತ ಫಲ. ಚಿನ್ನದ ಭಸ್ಮವನ್ನೋ ರೇಕನ್ನೋ ಸೇವಿಸಿದರೆ ಇದೇ ಪ್ರಯೋಜನವಾದೀತೆಂದು ಭಾವಿಸಬಾರದು. ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಂಬಾಕು, ಅಡಿಕೆ ಜಗಿಯುವವರಂತೂ ಈ ವಿಷಯದಲ್ಲಿ ಉದಾಸೀನ ಮಾಡಲಾಗದು.